ಕನ್ನಡ ಮಾಧ್ಯಮದಲ್ಲಿ ಐದನೆಯ ತರಗತಿ ಓದುತ್ತಿರುವ ಮಗಳನ್ನು ಅಂತರರಾಷ್ಟ್ರೀಯ ಶಾಲೆಗೆ ಸೇರಿಸುವ ಬಗ್ಗೆ ಸಲಹೆ ಬೇಕು

ಪ್ರಶ್ನೆ – ಮಲ್ಲೇಶ್ವರದ ತಂದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಮನೆಗೆ ಹತ್ತಿರದ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಐದನೆಯ ತರಗತಿ ಓದುತ್ತಿದ್ದಾಳೆ. ಆ ಶಾಲೆಯಲ್ಲಿ ಇರುವುದು ಏಳನೆಯ ತರಗತಿಯವರೆಗೆ ಮಾತ್ರ. ಹಾಗಾಗಿ ಎರಡು ವರ್ಷದೊಳಗೆ ಶಾಲೆ ಬದಲಿಸುವುದು ಹೇಗೂ ತಪ್ಪದು. ನನ್ನ ಪತ್ನಿಯನ್ನು ಅವರ ಕಂಪನಿ ಮುಂದೆ ಯಾವಾಗಲಾದರೂ ಜರ್ಮನಿಯ ಕಚೇರಿಗೆ ವರ್ಗ ಮಾಡಬಹುದು ಎಂಬ ಮಾತೂ ಇದೆ. ಆದರೆ ಅದು ಖಚಿತವಲ್ಲ.

ಈಗಿನ ಶಾಲೆಯ ಬಗ್ಗೆ ನಮಗೆ ಗೌರವವಿದೆ. ಶಿಕ್ಷಕರು ಮಕ್ಕಳನ್ನು ಹೆಸರು ಹಿಡಿದು ಕರೆಯುವಷ್ಟು ಬಲ್ಲವರು. ಮಗಳು ಕನ್ನಡದ ಕಥೆಪುಸ್ತಕಗಳನ್ನು ಯಾರೂ ಹೇಳದೆ ತಾನಾಗಿ ಕೈಗೆತ್ತಿಕೊಳ್ಳುತ್ತಾಳೆ. ನಮಗಿರುವ ಕೊರಗು ಒಂದೇ: ಪಾಠದ ಕೊನೆಯ ಪ್ರಶ್ನೋತ್ತರಗಳನ್ನು ಬೋರ್ಡಿನಿಂದ ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಹಾಗೆಯೇ ಬರೆಯುವುದರಲ್ಲಿ ಅವಳ ಬಹುಪಾಲು ಸಮಯ ಕಳೆಯುತ್ತಿದೆ. ಇಂಗ್ಲಿಷ್ ಓದಲು ಬರುತ್ತದೆ, ಆದರೆ ನಿಧಾನ, ಮಾತನಾಡಲು ಸಂಕೋಚಪಡುತ್ತಾಳೆ.

ನಾವು ವಿಚಾರಿಸಿದ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ವರ್ಷಕ್ಕೆ ಆರು ಲಕ್ಷ ರೂಪಾಯಿ ಶುಲ್ಕ ಹೇಳಿದ್ದಾರೆ. ಕಷ್ಟಪಟ್ಟರೆ ಕೊಡಬಲ್ಲೆವು, ಸುಲಭವಾಗಿ ಅಲ್ಲ. ಆರನೆಯ ತರಗತಿಗೇ ಬದಲಿಸುವುದು ಒಳ್ಳೆಯದೋ, ಏಳು ಮುಗಿಯಲಿ ಎಂದು ಕಾಯುವುದೋ? ಅವಳ ಕನ್ನಡದ ಗತಿಯೇನು? ಮುಂದೆ ಸಿಇಟಿ, ನೀಟ್ ಬರೆಯಬೇಕಾದರೆ ತೊಂದರೆಯಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ – ಎರಡೂ ಬಗೆಯ ಶಾಲೆಗಳಲ್ಲಿ ಪಾಠ ಮಾಡಿದ ಶಿಕ್ಷಕಿ

ಸರ್, ನಾನು ಹಲವು ವರ್ಷ ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ, ಈಗ ಐ.ಬಿ. (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ) ಶಾಲೆಯೊಂದರಲ್ಲಿ ಅದೇ ವಿಷಯವನ್ನು ಕಲಿಸುತ್ತಿದ್ದೇನೆ. ನಿಮ್ಮ ಕೊರಗು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಮೊದಲು, ನೀವು ನೋಡಿರುವ ಶಾಲೆ ನಿಜವಾಗಿ ಯಾವ ಪಠ್ಯಕ್ರಮದ್ದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಬೆಂಗಳೂರಿನಲ್ಲಿ ಹೆಸರಿನ ಜೊತೆ ‘ಇಂಟರ್‌ನ್ಯಾಷನಲ್’ ಎಂದು ಬರೆಸಿಕೊಂಡ ಎಷ್ಟೋ ಶಾಲೆಗಳು ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮವನ್ನೇ ಅನುಸರಿಸುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಆರು ಲಕ್ಷ ಕೊಡುವವರಿಗೆ ಅದು ಗೊತ್ತಿರಬೇಕು. ಐ.ಬಿ. ಸಂಸ್ಥೆಯೂ, ಇನ್ನೊಂದು ಅಂತರರಾಷ್ಟ್ರೀಯ ಪಠ್ಯಕ್ರಮ ನಡೆಸುವ ಕೇಂಬ್ರಿಡ್ಜ್ ಸಂಸ್ಥೆಯೂ ತಮ್ಮ ಶಾಲೆಗಳ ಪಟ್ಟಿಯನ್ನು ಸ್ವಂತ ಜಾಲತಾಣಗಳಲ್ಲಿ ಪ್ರಕಟಿಸುತ್ತವೆ. ಐ.ಬಿ. ಮಾನ್ಯತೆ ಇಡೀ ಶಾಲೆಗೆ ಒಟ್ಟಾಗಿ ಸಿಗುವಂಥದ್ದಲ್ಲ. ಪ್ರಾಥಮಿಕ ಹಂತದ ಪಿ.ವೈ.ಪಿ., ಆರರಿಂದ ಹತ್ತರವರೆಗಿನ ಎಂ.ವೈ.ಪಿ., ಕೊನೆಯ ಎರಡು ವರ್ಷದ ಡಿಪ್ಲೊಮಾ ಇವು ಒಂದೊಂದಕ್ಕೂ ಪ್ರತ್ಯೇಕವಾಗಿ ಪಡೆಯಬೇಕು. ‘ಕ್ಯಾಂಡಿಡೇಟ್ ಶಾಲೆ’ ಎಂದು ಹೇಳಿದರೆ ಮಾನ್ಯತೆ ಇನ್ನೂ ಬಂದಿಲ್ಲ ಎಂದೇ ತಿಳಿಯಬೇಕು.

ಬದಲಾವಣೆಯ ವೇಳೆಯ ಬಗ್ಗೆ ಹೇಳುವುದಾದರೆ, ಆರನೆಯ ತರಗತಿ ಒಳ್ಳೆಯ ಹೊಸ್ತಿಲು. ಎಂ.ವೈ.ಪಿ. ಅಲ್ಲಿಂದಲೇ ಆರಂಭವಾಗುವುದರಿಂದ ಉಳಿದ ಮಕ್ಕಳಿಗೂ ಆ ಕ್ರಮ ಹೊಸದು. ಎಂಟಕ್ಕೆ ಸೇರಿದರೂ ಆಗುತ್ತದೆ. ಒಂಬತ್ತು ಮತ್ತು ಹತ್ತರ ನಡುವೆ ಮಾತ್ರ ಬೇಡ. ಕೇಂಬ್ರಿಡ್ಜ್ ಶಾಲೆಗಳಲ್ಲಿ ಆ ಎರಡು ವರ್ಷವನ್ನು ಒಟ್ಟಾಗಿ ಹತ್ತನೆಯ ತರಗತಿ ಮಟ್ಟದ ಐ.ಜಿ.ಸಿ.ಎಸ್.ಇ. ಪರೀಕ್ಷೆಗೆ ಮೀಸಲಿಡುತ್ತಾರೆ, ನಡುವೆ ಬಂದ ಮಗು ಅರ್ಧ ಪಠ್ಯವನ್ನು ಒಂಟಿಯಾಗಿ ಕಲಿಯಬೇಕಾಗುತ್ತದೆ.

ಭಾಷೆಯ ವಿಷಯದಲ್ಲಿ ನನ್ನ ಮಾತು ಸ್ವಲ್ಪ ದೀರ್ಘವಾದರೆ ಕ್ಷಮಿಸಿ, ಏಕೆಂದರೆ ತಂದೆತಾಯಿಗಳು ಇಲ್ಲಿಯೇ ಹೆಚ್ಚು ದುಡುಕುತ್ತಾರೆ. ಹೊಸ ಭಾಷೆಯಲ್ಲಿ ಗೆಳೆಯರೊಡನೆ ಮಾತನಾಡುವಷ್ಟು ಕಲಿಯಲು ಮಗುವಿಗೆ ಒಂದೆರಡು ವರ್ಷ ಸಾಕು. ಆದರೆ ಅದೇ ಭಾಷೆಯಲ್ಲಿ ವಿಜ್ಞಾನವನ್ನೋ ಇತಿಹಾಸವನ್ನೋ ಓದಿ, ವಾದಿಸಿ ಬರೆಯುವ ಮಟ್ಟ ತಲುಪಲು ಐದರಿಂದ ಏಳು ವರ್ಷ ಹಿಡಿಯಬಹುದು ಎಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಬಹಳ ಹಿಂದೆಯೇ ತೋರಿಸಿದ್ದಾರೆ. ಆರು ತಿಂಗಳಲ್ಲಿ ಮಗಳು ಅರಳು ಹುರಿದಂತೆ ಇಂಗ್ಲಿಷ್ ಮಾತನಾಡುವುದನ್ನು ಕೇಳಿ ‘ಇನ್ನು ಚಿಂತೆಯಿಲ್ಲ’ ಎಂದುಕೊಳ್ಳಬೇಡಿ. ಬರವಣಿಗೆಗೆ ಇನ್ನೂ ಬಹಳ ಕಾಲ ಆಸರೆ ಬೇಕಾಗುತ್ತದೆ. ಕಲಿಕೆಯ ಭಾಷೆ ಬೇರೆಯಾಗಿರುವ ಮಕ್ಕಳಿಗೆ ಪ್ರತ್ಯೇಕ ಇಂಗ್ಲಿಷ್ ಬೆಂಬಲ ತರಗತಿ ಇದೆಯೇ, ಅದಕ್ಕೆ ಬೇರೆ ಶುಲ್ಕವಿದೆಯೇ, ಅದರ ಸಲುವಾಗಿ ಮಗು ಯಾವ ತರಗತಿಯನ್ನು ಬಿಡಬೇಕಾಗುತ್ತದೆ ಎಂದು ಶಾಲೆಯನ್ನು ಕೇಳಿ. ಕನ್ನಡದಲ್ಲಿ ಗಟ್ಟಿಯಾಗಿ ಓದುವ ಮಕ್ಕಳು ಇಂಗ್ಲಿಷಿಗೆ ಚೆನ್ನಾಗಿ ಹೊಂದಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಯಾವ ಭಾಷೆಯಲ್ಲೂ ಓದುವ ರೂಢಿಯಿಲ್ಲದ ಮಕ್ಕಳೇ ನಿಜವಾಗಿ ಒದ್ದಾಡುವುದು. ಆ ದೃಷ್ಟಿಯಿಂದ ನಿಮ್ಮ ಮಗಳ ಬುನಾದಿ ಭದ್ರವಾಗಿದೆ.

ಇನ್ನು ಪಾಠದ ರೀತಿ. ವಿಜಯನಗರ ಸಾಮ್ರಾಜ್ಯದ ವೈಭವವನ್ನು ವಿವರಿಸಿರಿ ಎಂದರೆ ನನ್ನ ಹಿಂದಿನ ಶಾಲೆಯ ಮಕ್ಕಳು ಪುಸ್ತಕದಲ್ಲಿರುವ ಅಂಶಗಳನ್ನು ಕ್ರಮವಾಗಿ ಬರೆಯುತ್ತಿದ್ದರು. ಈಗಿನ ತರಗತಿಯಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದ ವರ್ಣನೆಯ ಒಂದು ಭಾಗವನ್ನೂ ಅದೇ ಕಾಲದ ಒಂದು ಶಾಸನವನ್ನೂ ಮುಂದಿಟ್ಟು, ಇವರಲ್ಲಿ ಯಾರು ಯಾರಿಗಾಗಿ ಬರೆದರು, ಯಾವ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳುತ್ತೇವೆ. ಪ್ರತಿ ವಿಷಯಕ್ಕೂ ನಾಲ್ಕು ಮಾನದಂಡಗಳು, ಒಂದೊಂದಕ್ಕೆ ಗರಿಷ್ಠ 8 ಅಂಕ. ಅವುಗಳ ಮೊತ್ತವನ್ನು 1ರಿಂದ 7ರವರೆಗಿನ ಶ್ರೇಣಿಗೆ ಇಳಿಸುತ್ತಾರೆ. ಹಿಂದಿನ ಶಾಲೆಯಲ್ಲಿ ಪುಸ್ತಕದ ವಾಕ್ಯವನ್ನು ಅಕ್ಷರ ಬಿಡದೆ ಬರೆದು ಮೆಚ್ಚುಗೆ ಪಡೆದ ಮಗು, ಇಲ್ಲಿ ಅದನ್ನೇ ಮಾಡಿದಾಗ ‘ಇದು ನಕಲು’ ಎಂಬ ಟಿಪ್ಪಣಿ ಕಂಡು ಕಂಗಾಲಾಗುತ್ತದೆ. ಮಗುವಿನದು ತಪ್ಪಲ್ಲ, ನಿಯಮ ಬದಲಾಗಿದೆ ಎಂದು ಯಾರೂ ಅದಕ್ಕೆ ಹೇಳಿಲ್ಲ ಅಷ್ಟೇ. ಸೇರುವ ಮೊದಲೇ ನೀವು ಹೇಳಿ.

ಒಂದು ದಿನ ತರಗತಿಯಲ್ಲಿ ಹಿಂದೆ ಕುಳಿತು ನೋಡಲು ಅವಕಾಶ ಕೇಳಿ. ಈಜುಕೊಳ, ಕುದುರೆ ಸವಾರಿಯ ಮೈದಾನ ತೋರಿಸುವವರು ತರಗತಿಯನ್ನು ತೋರಿಸಲು ಹಿಂಜರಿದರೆ ಅದೇ ನಿಮಗೆ ಉತ್ತರ. ಕಳೆದ ಮೂರು ವರ್ಷಗಳಲ್ಲಿ ಎಷ್ಟು ಶಿಕ್ಷಕರು ಬಿಟ್ಟುಹೋದರು ಎಂಬುದನ್ನೂ ಕೇಳಿ. ಐ.ಬಿ. ತರಗತಿಯ ಗುಣಮಟ್ಟ ಪಠ್ಯಪುಸ್ತಕದಲ್ಲಿಲ್ಲ, ಪಾಠವನ್ನು ರೂಪಿಸುವ ಶಿಕ್ಷಕರಲ್ಲಿದೆ. ವರ್ಷಕ್ಕೊಬ್ಬರು ಬದಲಾಗುವ ಕಡೆ ಆ ಪದ್ಧತಿಯ ಹೆಸರು ಮಾತ್ರ ಉಳಿಯುತ್ತದೆ.

ಉತ್ತರ – ಮಗಳನ್ನು ಬದಲಿಸಿದ ತಾಯಿ, ಯಲಹಂಕ

ನಮ್ಮ ಮಗಳೂ ರಾಜ್ಯ ಪಠ್ಯಕ್ರಮದಿಂದ ಆರನೆಯ ತರಗತಿಗೇ ಬಂದವಳು, ಈಗ ಒಂಬತ್ತರಲ್ಲಿದ್ದಾಳೆ. ಮೇಡಂ ಹೇಳಿದ ಮಾತುಗಳನ್ನು ನಾನೂ ಅನುಮೋದಿಸುತ್ತೇನೆ. ಗಣಿತದಲ್ಲಿ ಅವಳು ಲೆಕ್ಕ ಮಾಡುವುದರಲ್ಲಿ ಎಲ್ಲರಿಗಿಂತ ಮುಂದಿದ್ದಳು. ‘ಈ ವಿಧಾನವನ್ನೇ ಏಕೆ ಆರಿಸಿಕೊಂಡೆ, ವಿವರಿಸು’ ಎಂದಾಗ ಒಂದು ಸಾಲೂ ಬರೆಯಲಾಗುತ್ತಿರಲಿಲ್ಲ. ಈಗ ಬರೆಯುತ್ತಾಳೆ, ಅದೂ ಸೊಗಸಾಗಿ. ಪ್ರಶ್ನೆ ಕೇಳಲು ಹೆದರುವುದಿಲ್ಲ. ಆ ಒಂದು ಬದಲಾವಣೆಯನ್ನು ಕಂಡು ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಆದರೆ ಶುಲ್ಕವನ್ನು ಒಂದು ವರ್ಷದ ಲೆಕ್ಕದಲ್ಲಿ ನೋಡಬೇಡಿ. ಆರು ಲಕ್ಷದಿಂದ ಆರಂಭಿಸಿ ಪ್ರತಿವರ್ಷ ಶೇ. 10ರಷ್ಟು ಏರುತ್ತದೆ ಎಂದಿಟ್ಟುಕೊಂಡರೆ, ಆರರಿಂದ ಹನ್ನೆರಡರವರೆಗಿನ ಏಳು ವರ್ಷಕ್ಕೆ ಸುಮಾರು 57 ಲಕ್ಷ ರೂಪಾಯಿಯಾಗುತ್ತದೆ. ಇದರ ಮೇಲೆ ಪ್ರವೇಶ ಶುಲ್ಕ, ಠೇವಣಿ, ಬಸ್ಸು, ಊಟ, ಲ್ಯಾಪ್‌ಟಾಪ್, ಪ್ರವಾಸ, ಹತ್ತು ಹನ್ನೆರಡರಲ್ಲಿ ಪ್ರತಿ ವಿಷಯಕ್ಕೆ ಪ್ರತ್ಯೇಕ ಪರೀಕ್ಷಾ ಶುಲ್ಕ. ನಡುವೆ ಹಣ ಸಾಲದೆ ಒಂಬತ್ತರಲ್ಲಿ ಮಗುವನ್ನು ಮತ್ತೆ ರಾಜ್ಯ ಪಠ್ಯಕ್ರಮಕ್ಕೆ ತರುವುದು ಅದರ ಪಾಲಿಗೆ ಬಹಳ ಕಷ್ಟ. ಏಳು ವರ್ಷವೂ ನಡೆಸಬಲ್ಲೆವು ಎಂಬ ಧೈರ್ಯವಿದ್ದರೆ ಮಾತ್ರ ಹೆಜ್ಜೆ ಇಡಿ.

ಕನ್ನಡದ ಬಗ್ಗೆ ಕೇಳಿದ್ದೀರಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳು, ಪಠ್ಯಕ್ರಮ ಯಾವುದೇ ಇರಲಿ, ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು. ಕಲಿಸುತ್ತಾರೆ ಕೂಡ. ಆದರೆ ನಮ್ಮಲ್ಲಿ ಕನ್ನಡ ತರಗತಿಯ ಹೆಚ್ಚಿನ ಮಕ್ಕಳ ಮನೆಮಾತು ಬೇರೆ. ಬಣ್ಣಗಳ ಹೆಸರು, ತರಕಾರಿ ಹೆಸರು ಕಲಿಯುವ ಮಟ್ಟದಲ್ಲಿ ಪಾಠ ನಡೆಯುವಾಗ ಕಾದಂಬರಿ ಓದಬಲ್ಲ ನನ್ನ ಮಗಳು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ; ಆ ಪರೀಕ್ಷೆಗಾಗಿಯಾದರೂ ಹಳಗನ್ನಡದ ಪದ್ಯ, ಛಂದಸ್ಸು, ಅಲಂಕಾರ ಎಲ್ಲವೂ ಮಗುವಿನ ಕಿವಿಗೆ ಬೀಳುತ್ತವೆ. ಇಲ್ಲಿ ಅದು ಶಾಲೆಯಿಂದ ಬರುವುದಿಲ್ಲ. ನಾವು ಮನೆಯಲ್ಲಿ ಪ್ರತಿ ಭಾನುವಾರ ಅವಳ ತಾತನ ಜೊತೆ ಕೂರಿಸಿ ಕುಮಾರವ್ಯಾಸ ಓದಿಸುತ್ತಿದ್ದೇವೆ. ಅದಕ್ಕೆ ಶಿಸ್ತು ಬೇಕು. ಮನೆಯವರು ಸಡಿಲ ಬಿಟ್ಟರೆ ಎರಡೇ ವರ್ಷದಲ್ಲಿ ಮಗು ಕನ್ನಡವನ್ನು ಮಾತಿಗಷ್ಟೇ ಉಳಿಸಿಕೊಳ್ಳುತ್ತದೆ.

ಡಿಪ್ಲೊಮಾ ಹಂತದಲ್ಲಿ, ಶಾಲೆಯಲ್ಲಿ ಶಿಕ್ಷಕರಿಲ್ಲದ ಮನೆಮಾತಿನ ಸಾಹಿತ್ಯವನ್ನು ಶಾಲೆಯ ಬೆಂಬಲದೊಂದಿಗೆ ಸ್ವಂತವಾಗಿ ಅಭ್ಯಾಸ ಮಾಡುವ ಒಂದು ವ್ಯವಸ್ಥೆ ಐ.ಬಿ.ಯಲ್ಲಿದೆ. ಅದನ್ನು ಕನ್ನಡಕ್ಕೆ ಒದಗಿಸಲು ನಿಮ್ಮ ಶಾಲೆ ಸಿದ್ಧವಿದೆಯೇ ಎಂದು ಈಗಲೇ ಕೇಳಿಡಿ. ತಂದೆತಾಯಿ ಕೇಳದಿದ್ದರೆ ಯಾವ ಶಾಲೆಯೂ ತಾನಾಗಿ ಆ ಶ್ರಮ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ರಜೆಯಲ್ಲಿ ಸಹಪಾಠಿಗಳು ಸ್ವಿಟ್ಜರ್ಲೆಂಡಿಗೆ ಹೋದರೆ ನಾವು ಅರಸೀಕೆರೆಯ ತೋಟಕ್ಕೆ ಹೋಗುತ್ತೇವೆ. ಮೊದಲ ವರ್ಷ ಅವಳು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮನೆಯ ಸ್ಥಿತಿಗತಿಯನ್ನು ಮಗುವಿನೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿದ ಮೇಲೆ ಅವಳಿಗೂ ಹಗುರವಾಯಿತು.

ಉತ್ತರ – ಪ್ರವೇಶ ಮಾರ್ಗದರ್ಶಕ

ಸಿಇಟಿ, ನೀಟ್ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ; ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮಾಹಿತಿ ಪುಸ್ತಿಕೆಯನ್ನು ನೋಡಲೇಬೇಕು.

ನಿಮ್ಮ ಮಗಳು ಒಂದನೆಯ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ ಎಂದಾದರೆ, ಈ ಚರ್ಚೆಯಲ್ಲಿ ಇನ್ನೂ ಯಾರೂ ಎತ್ತದ ಒಂದು ಸಂಗತಿಯಿದೆ. ಒಂದರಿಂದ ಹತ್ತರವರೆಗೆ ಪೂರ್ಣ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಶೇ. 5ರಷ್ಟು ಮೀಸಲಾತಿ ಇದೆ. ಸೀಟು ಹಂಚಿಕೆಯ ಪಟ್ಟಿಯಲ್ಲಿ ಜಿಎಂಕೆ ಮುಂತಾದ ಸಂಕೇತಗಳಲ್ಲಿ ಕಾಣುವ ‘ಕೆ’ ಅಕ್ಷರ ಅದನ್ನೇ ಸೂಚಿಸುತ್ತದೆ. ಆರನೆಯ ತರಗತಿಯಲ್ಲಿ ಮಾಧ್ಯಮ ಬದಲಾದರೆ ಆ ಅರ್ಹತೆ ಹೋಗುತ್ತದೆ, ಮರಳಿ ಬರುವುದಿಲ್ಲ. ಈ ಒಂದು ಕಾರಣಕ್ಕಾಗಿ ಮಗುವನ್ನು ಕಟ್ಟಿಹಾಕಿ ಎಂದು ನಾನು ಹೇಳುತ್ತಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದು ತಿಳಿದಿರಲಿ.

ಸಾಮಾನ್ಯ ಅರ್ಹತೆಗೆ ಅಂತರರಾಷ್ಟ್ರೀಯ ಶಾಲೆಯಿಂದ ಧಕ್ಕೆಯಿಲ್ಲ. ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿ, ಹತ್ತು ಅಥವಾ ಹನ್ನೆರಡನ್ನು ಇಲ್ಲಿಯೇ ತೇರ್ಗಡೆಯಾಗಿರಬೇಕು ಎಂಬುದು ಮುಖ್ಯ ನಿಯಮ. ಜರ್ಮನಿಗೆ ಹೋಗಿ ಹತ್ತನ್ನೂ ಹನ್ನೆರಡನ್ನೂ ಅಲ್ಲಿಯೇ ಮುಗಿಸಿದರೆ ಈ ನಿಯಮದಡಿ ಅರ್ಹತೆ ಸಿಗದು.

ತೊಡಕು ಇರುವುದು ಅಂಕಗಳಲ್ಲಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ಹನ್ನೆರಡನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಪಿಯುಸಿಯಲ್ಲಿ ಈ ಮೂರು ವಿಷಯಗಳಿಗೆ ನೂರಕ್ಕೆ ತೊಂಬತ್ತೆಂಟು ಪಡೆಯುವವರು ಸಾಕಷ್ಟು ಜನ. ಐ.ಬಿ.ಯ 7ರ ಶ್ರೇಣಿಯನ್ನು ಶೇಕಡಾವಾರಿಗೆ ಪರಿವರ್ತಿಸಿಕೊಂಡು ಅವರೊಡನೆ ಸ್ಪರ್ಧಿಸುವುದು ಸುಲಭವಲ್ಲ. ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಐ.ಬಿ. ಡಿಪ್ಲೊಮಾವನ್ನು ಹನ್ನೆರಡನೆಯ ತರಗತಿಗೆ ಸಮಾನವೆಂದು ಒಪ್ಪುತ್ತದೆ, ಆ ಬಗ್ಗೆ ಚಿಂತೆ ಬೇಡ. ಆದರೆ ಡಿಪ್ಲೊಮಾದ ಮೇ ಪರೀಕ್ಷೆಯ ಫಲಿತಾಂಶ ಬರುವುದು ಜುಲೈ ಮೊದಲ ವಾರದ ಹೊತ್ತಿಗೆ. ಅಷ್ಟರಲ್ಲಿ ಇಲ್ಲಿನ ಕೆಲವು ಕಾಲೇಜುಗಳ ಪ್ರವೇಶ ಮುಗಿಯುತ್ತಾ ಬಂದಿರುತ್ತದೆ. ಕೇಂಬ್ರಿಡ್ಜ್ ಸಂಸ್ಥೆ ಭಾರತದ ಶಾಲೆಗಳಿಗಾಗಿ ಮಾರ್ಚ್‌ನಲ್ಲಿಯೂ ಪರೀಕ್ಷೆ ನಡೆಸುವುದರಿಂದ ಆ ಮಟ್ಟಿಗೆ ಅನುಕೂಲ.

ವೈದ್ಯಕೀಯದ ಆಸೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ನೀಟ್ ಮೂಲಕ ಸೇರಲು ಭೌತ, ರಸಾಯನ, ಜೀವಶಾಸ್ತ್ರ ಮೂರೂ ಇಂಗ್ಲಿಷ್ ಸಹಿತ ಬೇಕು. ಡಿಪ್ಲೊಮಾದಲ್ಲಿ ವಿದ್ಯಾರ್ಥಿ ಆರು ವಿಷಯ ಆರಿಸಿಕೊಳ್ಳುತ್ತಾನೆ: ಎರಡು ಭಾಷೆ, ಒಂದು ಸಮಾಜಶಾಸ್ತ್ರೀಯ ವಿಷಯ, ಒಂದು ವಿಜ್ಞಾನ, ಗಣಿತ, ಆರನೆಯದು ಕಲೆ ಅಥವಾ ಅದರ ಬದಲಿಗೆ ಮತ್ತೊಂದು ವಿಜ್ಞಾನ. ಅಂದರೆ ಸಾಮಾನ್ಯ ಕ್ರಮದಲ್ಲಿ ಎರಡು ವಿಜ್ಞಾನಗಳಿಗಷ್ಟೇ ಜಾಗ. ಮೂರನೆಯದಕ್ಕೆ ಶಾಲೆಯ ಮೂಲಕ ವಿಶೇಷ ಅನುಮತಿ ಪಡೆಯಬೇಕು. ಇದಲ್ಲದೆ 4,000 ಪದಗಳ ಪ್ರಬಂಧ, ಜ್ಞಾನಸಿದ್ಧಾಂತದ ತರಗತಿ, ಸೇವಾ ಚಟುವಟಿಕೆಗಳು ಕಡ್ಡಾಯ; ಇವೆಲ್ಲದರ ನಡುವೆ ನೀಟ್ ಕೋಚಿಂಗಿಗೆ ಸಮಯ ಹೊಂದಿಸುವುದು ನಾನು ಕಂಡ ಬಹುತೇಕ ಮಕ್ಕಳಿಗೆ ಕಷ್ಟವಾಗಿದೆ. ಹತ್ತರವರೆಗೆ ಅಂತರರಾಷ್ಟ್ರೀಯ ಶಾಲೆಯಲ್ಲಿ ಓದಿ ಪಿಯುಸಿಗೆ ಬರುವವರಿದ್ದಾರೆ, ಎಸ್‌ಎಸ್‌ಎಲ್‌ಸಿ ಮುಗಿಸಿ ಐ.ಬಿ. ಡಿಪ್ಲೊಮಾಗೆ ಹೋಗುವವರೂ ಇದ್ದಾರೆ. ಎರಡೂ ದಾರಿ ತೆರೆದಿವೆ ಎಂಬುದನ್ನು ಮರೆಯಬೇಡಿ.

ಉತ್ತರ – ಮ್ಯೂನಿಕ್‌ನಲ್ಲಿರುವ ಕನ್ನಡತಿ

ಜರ್ಮನಿಗೆ ಹೋಗಬಹುದು ಎಂಬ ಕಾರಣದಿಂದಲೇ ಶಾಲೆ ಬದಲಿಸುತ್ತಿದ್ದರೆ ಸ್ವಲ್ಪ ನಿಲ್ಲಿ. ಇಲ್ಲಿನ ಸರ್ಕಾರಿ ಶಾಲೆಗಳು ಉಚಿತ, ಬೋಧನೆ ಜರ್ಮನ್ ಭಾಷೆಯಲ್ಲಿ. ಹೊಸದಾಗಿ ಬಂದ ಮಕ್ಕಳಿಗೆ ಮೊದಲು ಜರ್ಮನ್ ಕಲಿಸುವ ವಿಶೇಷ ತರಗತಿಗಳಿವೆ. ಅಂತರರಾಷ್ಟ್ರೀಯ ಶಾಲೆಗಳೂ ಇವೆ, ಆದರೆ ವರ್ಷಕ್ಕೆ ಹದಿನೈದು ಇಪ್ಪತ್ತು ಸಾವಿರ ಯೂರೋ ಶುಲ್ಕ ಇಲ್ಲಿ ಸಾಮಾನ್ಯ. ಕಂಪನಿ ಆ ಶುಲ್ಕ ಭರಿಸುತ್ತದೆಯೇ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು. ಭರಿಸುವುದಿಲ್ಲ ಎಂದಾದರೆ ಮಗಳು ಕೊನೆಗೆ ಜರ್ಮನ್ ಶಾಲೆಗೇ ಹೋಗುತ್ತಾಳೆ; ಬೆಂಗಳೂರಿನಲ್ಲಿ ಐ.ಬಿ.ಗೆ ಕೊಟ್ಟ ಹಣದಿಂದ ಅಲ್ಲಿ ಆಗುವ ಪ್ರಯೋಜನ ಅಲ್ಪ. ಅವಳಿಗೆ ಈಗಿನಿಂದಲೇ ಜರ್ಮನ್ ಕಲಿಸಿದರೆ ಅದು ಹೆಚ್ಚು ಕೈಹಿಡಿಯುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ.

ಪದವಿಗೆ ಇಲ್ಲಿಗೆ ಬರುವ ಯೋಚನೆಯಿದ್ದರೆ ಮಾತು ಬೇರೆ. ಪಿಯುಸಿ ಒಂದನ್ನೇ ಹಿಡಿದು ಜರ್ಮನ್ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರುವುದು ಸಾಮಾನ್ಯವಾಗಿ ಆಗುವುದಿಲ್ಲ. ನಿಗದಿತ ವಿಷಯಗಳನ್ನು ಆರಿಸಿಕೊಂಡ ಐ.ಬಿ. ಡಿಪ್ಲೊಮಾದಿಂದ ಆಗುತ್ತದೆ. ಅದು ಹನ್ನೊಂದನೆಯ ತರಗತಿಯ ಹೊತ್ತಿಗೆ ಯೋಚಿಸಬೇಕಾದ ವಿಷಯ.

ಉತ್ತರ – ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು

ತಮ್ಮ ಮಗಳಿಗೆ ಬೇಕಾಗಿರುವುದು ಪ್ರಶ್ನಿಸುವ, ತನ್ನ ಮಾತಿನಲ್ಲಿ ಬರೆಯುವ ಅವಕಾಶ. ಅದಕ್ಕೆ 57 ಲಕ್ಷವೇ ಬೇಕೆಂದು ನನಗೆ ಅನ್ನಿಸುವುದಿಲ್ಲ. ಒಳ್ಳೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯನ್ನು ಹುಡುಕಿ, ಸಂಜೆ ಒಂದು ಗಂಟೆ ಇಂಗ್ಲಿಷ್ ಓದಿಗೆ ಮೀಸಲಿಟ್ಟು, ವಾರಾಂತ್ಯದಲ್ಲಿ ಜವಾಹರಲಾಲ್ ನೆಹರು ತಾರಾಲಯದ ವಿಜ್ಞಾನ ಕಾರ್ಯಕ್ರಮಗಳಿಗೂ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ಯಿರಿ. ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ತೆರೆದುಕೊಳ್ಳುವ ದಿನ ತಪ್ಪಿಸಬೇಡಿ. ಪಾಠದ ಕೊನೆಯ ಪ್ರಶ್ನೆಗೆ ಬೋರ್ಡಿನ ಉತ್ತರವನ್ನು ಶಾಲೆಯ ಪುಸ್ತಕದಲ್ಲಿ ಬರೆಯಲಿ. ಮನೆಯ ಪುಸ್ತಕದಲ್ಲಿ ಅದೇ ಪ್ರಶ್ನೆಗೆ ಅವಳದೇ ಉತ್ತರ ಬರೆಯಲಿ. ನಮ್ಮ ಶಾಲೆಯಲ್ಲಿ ನಾವು ಇದನ್ನು ಮಾಡಿಸಿದ್ದೇವೆ, ಫಲ ಕಂಡಿದ್ದೇವೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಂದ ಓದುವ ಮನೆಗಳ ಮಕ್ಕಳೆಲ್ಲ ಹೊರಟುಹೋದರೆ ಉಳಿದ ಮಕ್ಕಳ ತರಗತಿಯೂ ಬಡವಾಗುತ್ತದೆ ಎಂಬ ನೋವೂ ನನಗಿದೆ. ಆದರೆ ಆ ಭಾರವನ್ನು ಒಂದು ಮಗುವಿನ ಮೇಲೆ ಹೊರಿಸುವುದು ನ್ಯಾಯವಲ್ಲವಾದ್ದರಿಂದ ಅಷ್ಟಕ್ಕೆ ನಿಲ್ಲಿಸುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕನ್ನಡ ಮಾಧ್ಯಮದ ಮೀಸಲಾತಿಯ ವಿಷಯ ನಮಗೆ ತಿಳಿದೇ ಇರಲಿಲ್ಲ. ಪತ್ನಿ ತಮ್ಮ ಕಂಪನಿಯನ್ನು ಕೇಳಿದರು; ಮಕ್ಕಳ ಶಾಲಾ ಶುಲ್ಕ ಭರಿಸುವ ಪದ್ಧತಿ ಇಲ್ಲವಂತೆ. ಆದ್ದರಿಂದ ಜರ್ಮನಿಯ ಕಾರಣವನ್ನು ಈ ಲೆಕ್ಕದಿಂದ ತೆಗೆದಿದ್ದೇವೆ. ಮಗಳನ್ನೇ ಕೇಳಿದಾಗ, ಏಳನೆಯ ತರಗತಿಯವರೆಗೆ ಗೆಳತಿಯರ ಜೊತೆಗೇ ಇರುವುದಾಗಿ ಹೇಳಿದಳು. ತಾನು ವೈದ್ಯೆಯಾಗಬೇಕು ಎಂಬುದನ್ನೂ ಮೊದಲ ಬಾರಿಗೆ ಹೇಳಿದಳು. ಈ ಎರಡು ವರ್ಷ ಮನೆಯಲ್ಲಿ ಇಂಗ್ಲಿಷ್ ಓದನ್ನೂ ಸ್ವಂತ ಉತ್ತರ ಬರೆಯುವ ಅಭ್ಯಾಸವನ್ನೂ ನಡೆಸಿ, ಎಂಟಕ್ಕೆ ಕನ್ನಡ ಮಾಧ್ಯಮ ಪ್ರೌಢಶಾಲೆಯೋ ಅಂತರರಾಷ್ಟ್ರೀಯ ಶಾಲೆಯೋ ಎಂದು ನಿರ್ಧರಿಸುತ್ತೇವೆ. ಎಂಟಕ್ಕೆ ಬದಲಿಸುವುದಾದರೆ ಯಾವ ದಾಖಲೆಗಳು ಬೇಕಾಗುತ್ತವೆ ಎಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ಮಗಳನ್ನು ಬದಲಿಸಿದ ತಾಯಿ, ಯಲಹಂಕ

ವರ್ಗಾವಣೆ ಪ್ರಮಾಣಪತ್ರ, ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ), ಹಿಂದಿನ ಎರಡು ವರ್ಷದ ಅಂಕಪಟ್ಟಿ, ಜನನ ಪ್ರಮಾಣಪತ್ರ ಇವಿಷ್ಟನ್ನು ನಮ್ಮಿಂದ ಕೇಳಿದ್ದರು. ಜನನ ಪ್ರಮಾಣಪತ್ರ, ಟಿ.ಸಿ., ಆಧಾರ್ ಮೂರರಲ್ಲೂ ಹೆಸರಿನ ಇಂಗ್ಲಿಷ್ ಅಕ್ಷರಗಳೂ ಜನ್ಮದಿನಾಂಕವೂ ಒಂದೇ ಆಗಿವೆಯೇ ಎಂದು ಈಗಲೇ ನೋಡಿಕೊಳ್ಳಿ, ತಿದ್ದುಪಡಿಗೆ ಸಮಯ ಹಿಡಿಯುತ್ತದೆ. ಒಂದರಿಂದ ಏಳರವರೆಗಿನ ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರವನ್ನೂ ಟಿ.ಸಿ. ಪಡೆಯುವ ದಿನವೇ ಮುಖ್ಯೋಪಾಧ್ಯಾಯರ ಸಹಿ, ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಿ. ಪ್ರೌಢಶಾಲೆಯನ್ನೂ ಕನ್ನಡ ಮಾಧ್ಯಮದಲ್ಲೇ ಮುಂದುವರಿಸುವುದಾದರೆ ಮುಂದೆ ಅದು ಬೇಕಾಗುತ್ತದೆ.